ನಮ್ಮ ಬೀದಿಗೆ ಸೈಡ್‌ವಾಕ್ ಬಂದ ಬಗೆ

ನಮ್ಮ ಬೀದಿಗೆ ಸೈಡ್‌ವಾಕ್, ಅಂದರೆ ನಮ್ಮೂರ ಕಡೆಯ ಫುಟ್‌ಪಾತ್, ಬಂದದ್ದು ನನ್ನಿಂದ. ಅಕ್ಕಪಕ್ಕದವರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಕೆಲವರು ಕೈ ಮುಗಿದಾರು, ಕೆಲವರು ಬೈದಾರು. ಬೈಯುವುದಕ್ಕೆ ಎಲ್ಲರಿಗಿಂತ ಹೆಚ್ಚು ಹಕ್ಕಿರುವುದು ನನ್ನ ತಂಗಿಗೆ.

ಗಂಡ ತೀರಿಕೊಂಡ ಮೇಲೆ ನಾನು ಮೈಸೂರಿನಿಂದ ಅಮೆರಿಕದ ಕೆಂಡಲ್ ಪಾರ್ಕಿನ ಅವಳ ಮನೆಗೆ ಬಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಇಲ್ಲಿ ಬಂದಾಗ ಮಾತ್ರ ಕಾಲು ಕಟ್ಟಿದಂತಾಯಿತು. ಡ್ರೈವ್ ಮಾಡಲು ಬಾರದು. ನಡೆಯೋಣವೆಂದರೆ ರಸ್ತೆಗೆ ಅಂಚೇ ಇಲ್ಲ, ಕಾರುಗಳು ಮೈ ಸವರಿಕೊಂಡು ಹೋಗುತ್ತಿದ್ದವು. ಒಂದು ಕಟ್ಟು ಕೊತ್ತಂಬರಿಗೂ ತಂಗಿಗೆ ಪುರುಸೊತ್ತಾಗುವ ಶನಿವಾರಕ್ಕೆ ಕಾಯಬೇಕು.

ಆಗ ನಮ್ಮ ಹಿಂದಿನ ಬಯಲಿನಲ್ಲಿ ಹೊಸ ಮನೆಗಳನ್ನು ಕಟ್ಟಲು ಬಿಲ್ಡರ್ ಒಬ್ಬ ಬಂದ. ಅದಕ್ಕೆ ಬೇಕಾದ ರಸ್ತೆ, ಚರಂಡಿ, ಸೈಡ್‌ವಾಕುಗಳ ಖರ್ಚಿಗಾಗಿ ಟೌನ್‌ಶಿಪ್‌ನವರು, ಅಂದರೆ ಇಲ್ಲಿನ ಪುರಸಭೆಯವರು, ಸ್ಪೆಷಲ್ ಡಿಸ್ಟ್ರಿಕ್ಟ್ ಎಂದು ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಗೆರೆಯೊಳಗಿನ ಮನೆಯವರು ವರ್ಷವರ್ಷವೂ ಟ್ಯಾಕ್ಸಿನ ಮೇಲೆ ಇನ್ನಷ್ಟು ಕಟ್ಟಬೇಕು. ನಮ್ಮ ಹಳೆಯ ಬೀದಿಯೂ ಅದರೊಳಗೆ ಬಿದ್ದಿತ್ತು.

ತಂಗಿ ತನ್ನ ಪುಟ್ಟ ಮಗಳು ಸ್ಕೂಲಿಗೆ ಸೇರುವವರೆಗಾದರೂ ಮಧ್ಯಾಹ್ನಗಳನ್ನು ಅವಳ ಜೊತೆ ಕಳೆಯಬೇಕೆಂದು ಅರ್ಧ ದಿನದ ಕೆಲಸಕ್ಕೆ ಆಫೀಸಿನವರನ್ನು ಒಪ್ಪಿಸಿದ್ದಳು. ಈ ಹೊಸ ಖರ್ಚು ಬಂದರೆ ಅರ್ಧ ಸಂಬಳದಲ್ಲಿ ಅದು ಸಾಧ್ಯವಿರಲಿಲ್ಲ.

"ನಮ್ಮ ಬೀದೀಲಿ ರಸ್ತೆ, ಚರಂಡಿ ಎಲ್ಲಾ ಆಗ್ಲೇ ಇದೆ, ನಮ್ಮನ್ನ ಬಿಟ್ಬಿಡಿ ಅಂತ ಮೀಟಿಂಗಲ್ಲಿ ಕೇಳ್ತೀನಿ ಅಕ್ಕ. ಕೇಳಿದ್ರೆ ಬಿಡ್ತಾರಂತೆ," ಎಂದಳು. ಅವಳ ಗಂಡ ಮಗುವಿನ ಜೊತೆ ಮನೆಯಲ್ಲಿ ಉಳಿದ. ಧೈರ್ಯಕ್ಕೆಂದು ನಾನು ಹೋದೆ.

ಅದು ಜೂನ್ ತಿಂಗಳ ಮಂಗಳವಾರ. ಇಲ್ಲಿ ಬೇಸಿಗೆಯ ಹಗಲು ಉದ್ದ, ಹಾಗಾಗಿ ಮಂಗಳವಾರದ ರಾಹುಕಾಲ ಸಂಜೆಯವರೆಗೂ ಎಳೆಯುತ್ತದೆ. ದೇವಸ್ಥಾನದಲ್ಲಿ ಕೊಟ್ಟ ಇಲ್ಲಿನ ಪಂಚಾಂಗ ನೋಡಿ ಹೊತ್ತು ಹೇಳುವವಳು ನಾನೇ. ತಂಗಿ ನಗುತ್ತಿದ್ದಳು, ಆದರೆ ಮೀರುತ್ತಿರಲಿಲ್ಲ.

ಮೀಟಿಂಗಿನಲ್ಲಿ ಬಿಲ್ಡರ್ ಕಡೆಯವನು ಪರದೆಯ ಮೇಲೆ ಚಿತ್ರ ತೋರಿಸಿದ. ನಮ್ಮದೇ ಬೀದಿ. ಅದರ ಅಂಚಿನಲ್ಲಿ ಅಂಗಡಿಗಳವರೆಗೂ ಬಿಳಿಯ ಸೈಡ್‌ವಾಕ್. ಅದರ ಮೇಲೆ ಒಬ್ಬ ಹೆಂಗಸು ಚೀಲ ಹಿಡಿದು ಒಬ್ಬಳೇ ನಡೆಯುತ್ತಿದ್ದಳು. ನಾನು ಆ ಹೆಂಗಸಿನಿಂದ ಕಣ್ಣು ಕೀಳಲಿಲ್ಲ.

ಯಾರಾದರೂ ಮಾತಾಡುವವರಿದ್ದೀರಾ ಎಂದು ಅಧ್ಯಕ್ಷೆ ಕೇಳಿದರು. ತಂಗಿ ಎದ್ದಳು. ನಾನು ಅವಳ ತೋಳು ಹಿಡಿದೆ.

"ರಾಹುಕಾಲ ಕಣೇ. ಸ್ವಲ್ಪ ಹೊತ್ತು ಕೂತ್ಕೋ."

"ಇವ್ರು ರಾಹುಗೆಲ್ಲ ಕಾಯಲ್ಲ, ಬಿಡೇ ಅಕ್ಕ."

"ಬೇರೆಯವ್ರು ಮಾತಾಡ್ಲಿ ಮೊದ್ಲು. ಒಳ್ಳೇ ಕೆಲ್ಸ ಕೆಡಿಸ್ಕೋಬೇಡ."

ಅವಳು ಕೂತಳು. ಬೇರೆ ಯಾರೂ ಏಳಲಿಲ್ಲ. ಜನರು ಮಾತಾಡುವ ಹೊತ್ತು ಮುಗಿಯಿತೆಂದು ಅಧ್ಯಕ್ಷೆ ಹೇಳಿಬಿಟ್ಟರು. ಆಮೇಲೆ ತಂಗಿ ಕೈಯೆತ್ತಿದರೂ ಅವಕಾಶ ಸಿಗಲಿಲ್ಲ. ನಮ್ಮ ಬೀದಿಯನ್ನೂ ಸೇರಿಸಿಯೇ ಡಿಸ್ಟ್ರಿಕ್ಟಿಗೆ ಒಪ್ಪಿಗೆ ಆಯಿತು.

ನಾನು ಅವಳನ್ನು ತಡೆಯುವ ಮೊದಲೇ ರಾಹುಕಾಲ ಕಳೆದಿತ್ತು. ಗೋಡೆಯ ಗಡಿಯಾರ ನೋಡಿಕೊಂಡೇ ನಾನು ತೋಳು ಹಿಡಿದಿದ್ದೆ.

ಸೈಡ್‌ವಾಕ್ ಬಂತು. ನಾನು ಅದರ ಮೇಲೆ ರಾಣಿಯಂತೆ ನಡೆದೆ, ಈಗಲೂ ನಡೆಯುತ್ತೇನೆ. ತಂಗಿ ಪೂರ್ತಿ ದಿನದ ಕೆಲಸಕ್ಕೇ ಉಳಿದಳು. ಮಗುವಿನ ಮಧ್ಯಾಹ್ನಗಳು ನನ್ನ ಪಾಲಿಗೆ ಬಂದವು.

ಕಳೆದ ವಾರ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ಎದುರು ಕೂತು ಎಲ್ಲ ಹೇಳಿದೆ. "ಅವತ್ತು ರಾಹುಕಾಲ ಮುಗಿದಿತ್ತು. ನಂಗೆ ಸೈಡ್‌ವಾಕ್ ಬೇಕಿತ್ತು."

ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಬಾಯ್ಬಿಟ್ಟು ಕೇಳಿದ್ರೆ ಎಲ್ಲಿಗ್ ಬೇಕಾದ್ರೂ ಕರ್ಕೊಂಡ್ ಹೋಗ್ತಿದ್ನಲ್ಲೇ, ಮಾರಾಯ್ತಿ!"

"ಪ್ರತಿಯೊಂದಕ್ಕೂ ಕೇಳಿ ಕೇಳೀನೇ ನಂಗೆ ಸಾಕಾಗಿಹೋಗಿತ್ತು."

ಅಷ್ಟರಲ್ಲಿ ಮಹಡಿಯ ಮೇಲೆ ಮಗು ನಿದ್ದೆಯಿಂದ ಎದ್ದು, "ದೊಡ್ಡಮ್ಮಾ!" ಎಂದು ಕೂಗಿತು. ತಂಗಿ ಅರ್ಧ ಎದ್ದವಳು ಮತ್ತೆ ಕೂತಳು.

"ಹೋಗು. ನಿನ್ನನ್ನೇ ಕರೀತಿರೋದು. ನಂಗೆ ಆಫೀಸ್ ಕಾಲ್ ಇದೆ."

ನಾನು ಜಾಗ ಬಿಟ್ಟು ಕದಲಲಿಲ್ಲ. "ಕಾಲ್ ಕಾಯ್ಲಿ. ನೀನ್ ಹೋಗೇ," ಎಂದೆ. ಮಗು ಮತ್ತೆ ನನ್ನನ್ನೇ ಕೂಗಿತು. ತಂಗಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದಳು.