ಹಳೆಯ ಹುಡುಗಿಯರ ಹಾಜರಿ

ಸಭೆ ಸಮಾರಂಭಗಳ ವರದಿ ಬರೆಯುವವನಿಗೆ ಅತ್ಯಂತ ಅಗ್ಗವಾಗಿ ಸಿಗುವ ಪದವೆಂದರೆ ‘ಅನೇಕರು’. ಹಾಸಿದ ಜಮಖಾನೆ ಅರ್ಧ ಖಾಲಿ ಇದ್ದರೂ ಸಭೆಗೆ ಅನೇಕರು ಬಂದಿರುತ್ತಾರೆ. ಭಾಷಣ ಮುಗಿಯುವ ಮೊದಲೇ ಎದ್ದು ಹೋದವರೂ ಅನೇಕರೇ, ಆದರೆ ಅವರನ್ನು ಬರೆಯುವ ರೂಢಿಯಿಲ್ಲ. ಕಲಬುರಗಿಯಿಂದ ಒಂದು ವಾರಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ವರ್ಷಗಳಲ್ಲಿ ಈ ಪದವನ್ನು ನಾನು ಅಕ್ಷರ ಮಾಸುವಷ್ಟು ಬಳಸಿದ್ದೇನೆ. ಅದನ್ನು ಬರೆಯಲು ಕೈ ತಡೆದದ್ದು ಒಮ್ಮೆ ಮಾತ್ರ, ಅದೂ ನಮ್ಮ ಅಕ್ಕನ ಶಾಲೆಯ ವಿಷಯದಲ್ಲಿ.

ಅಕ್ಕ ಊರಿನ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ನಿಜಾಮರ ರಾಜ್ಯದಲ್ಲಿ ಕನ್ನಡದ ಹುಡುಗಿಯರಿಗೆ ಶಾಲೆಯೊಂದು ಇರುವುದೇ ದೊಡ್ಡ ಮಾತಾಗಿದ್ದ ದಿನಗಳವು. ಆದರೆ ಅಕ್ಕನ ಚಿಂತೆ ಬೇರೆಯಾಗಿತ್ತು. ಮದುವೆ ಗೊತ್ತಾಗಿ ಪಾಟಿ ಬಳಪ ಮನೆ ಸೇರಿದವೆಂದರೆ, ಆ ಹುಡುಗಿ ಅದೇ ಊರಿನ ಗಾಜಿಪುರದಲ್ಲಿದ್ದರೂ ಕಾಶಿಯಲ್ಲಿದ್ದಂತೆ. ಮತ್ತೆ ಕಣ್ಣಿಗೆ ಬೀಳುವಂತಿರಲಿಲ್ಲ. ವರ್ಷಕ್ಕೊಮ್ಮೆ, ಶಾಲೆಯ ವಾರ್ಷಿಕೋತ್ಸವಕ್ಕಾದರೂ ಅವರೆಲ್ಲ ಬಂದು ಹೋಗಬೇಕು. ಓದು ತಮ್ಮದಾಗಿತ್ತೆಂಬುದನ್ನು ಅವರು ಮರೆಯಬಾರದು, ಅವರು ತನ್ನವರೆಂಬುದನ್ನು ಶಾಲೆಯೂ ಮರೆಯಬಾರದು ಎಂಬುದು ಅವಳ ಹಟ. ಅಚ್ಚು ಹಾಕಿಸಿದ ಆಮಂತ್ರಣಗಳು ಮನೆಯ ಹಿರಿಯರ ಕೈ ಸೇರಿ, ಸೆಕೆಗೆ ಗಾಳಿ ಬೀಸಿಕೊಳ್ಳಲು ಅನುಕೂಲವಾದವೇ ಹೊರತು ಸೊಸೆಯರವರೆಗೆ ತಲುಪಲಿಲ್ಲ.

ಆಗ ಅಕ್ಕ ಕಂಡುಕೊಂಡದ್ದು ಕುಂಕುಮದ ಭರಣಿಯನ್ನು. ಮುತ್ತೈದೆಯೊಬ್ಬಳು ಬಾಗಿಲಿಗೆ ಬಂದು ಕುಂಕುಮ ಹಚ್ಚಿ ಕರೆದರೆ, ಎಂಥ ಅತ್ತೆಯೂ ಸೊಸೆಯನ್ನು ಕಳಿಸುವುದಿಲ್ಲ ಎನ್ನಲಾರಳು, ಹಾಗೆ ಹೇಳಿದರೆ ಅಶುಭ. ಮುಸಲ್ಮಾನರ ಮನೆಗಳಿಗೆ ಅತ್ತರಿನ ಸೀಸೆ. ಅಕ್ಕ ಒಳಗೆ ಕರೆ ಕೊಡುವಷ್ಟು ಹೊತ್ತು ಕಟ್ಟೆಯ ಮೇಲೆ ಕೂತು ಯಜಮಾನರೊಂದಿಗೆ ತೊಗರಿಯ ಧಾರಣೆ ಮಾತಾಡುವುದು ನನ್ನ ಪಾಲಿಗೆ ಬಂದ ಸಮಾಜಸೇವೆ. ತೊಗರಿಯ ಬಗ್ಗೆ ನನಗಿರುವ ಜ್ಞಾನ ಊಟದ ಎಲೆಯ ಆಚೆಗೆ ಹೋದದ್ದಲ್ಲ. ಆದರೂ ಆ ವರ್ಷ ಜಮಖಾನೆ ತುಂಬಿತು, ನನ್ನ ‘ಅನೇಕರು’ ಮೊದಲ ಬಾರಿಗೆ ನಿಜವಾಯಿತು.

ಮರುವರ್ಷ ಅಕ್ಕ ಕಮಲಾಪುರಕ್ಕೆ ಬಂಡಿ ಕಟ್ಟಿಸಿದಳು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ನೀಲಮ್ಮ ಅವಳ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಅಕ್ಕನಿಗೆ ಜ್ವರ ಬಂದಾಗಲೆಲ್ಲ ಸಣ್ಣ ತರಗತಿಗಳಿಗೆ ಪಾಠ ಹೇಳಿದವಳು. ದಾರಿಯ ಧೂಳನ್ನೆಲ್ಲ ನುಂಗಿ, ಸೊಂಟ ನಮ್ಮದೋ ಬಂಡಿಯದೋ ತಿಳಿಯದ ಸ್ಥಿತಿಯಲ್ಲಿ ಹೋಗಿ ಇಳಿದೆವು. ಬಾಗಿಲು ತೆರೆದವಳು ನೀಲಮ್ಮನೇ. ಅವಳ ಹಣೆ ಬರಿದಾಗಿತ್ತು.

ಗಂಡ ತೀರಿಕೊಂಡ ಸುದ್ದಿ ನಮಗೆ ಮುಟ್ಟಿರಲಿಲ್ಲ. ಅಕ್ಕ ಭರಣಿಯನ್ನು ಸೆರಗಿನೊಳಗೆ ಎಳೆದುಕೊಂಡು ನಿಂತಳು.

“ಒಳಗ ಬರ್ರಿ ಅಕ್ಕೋರ, ಬಾಗಲದಾಗ ನಿಂದ್ರಬ್ಯಾಡ್ರಿ,” ಎಂದಳು ನೀಲಮ್ಮ.

ಒಳಗಿನ ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಸಿದ್ದಮ್ಮ ಕೇಳಿದಳು: “ಯಾರವ್ವ ಅವರು?”

“ನಮ್ಮ ಶಾಲಿ ಅಕ್ಕೋರ್ರೀ, ಅತ್ತಿ.”

“ಸೆರಗಿನ್ಯಾಗ ಏನೋ ಮುಚ್ಚಿಟ್ಟಾರಲ್ಲ, ಏನದು?”

“ಕುಂಕುಮರೀ,” ಎಂದಳು ಅಕ್ಕ. ಊರ ಹುಡುಗಿಯರನ್ನೆಲ್ಲ ಗದರಿಸುವ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಸಿದ್ದಮ್ಮ ಕಂಬದಿಂದ ಬೆನ್ನೆತ್ತಿ ನೆಟ್ಟಗೆ ಕೂತಳು. “ಮುಚ್ಚೂದ್ಯಾಕ? ನನ್ನ ಗಂಡ ಗಟ್ಟಿ ಅದಾನ, ತ್ವಾಟದಾಗ ಬಾಳಿ ಗಿಡಕ್ಕ ನೀರ ಬಿಡಾಕತ್ತಾನ. ನನಗ ಹಚ್ರಿ.”

ಅಕ್ಕ ಹಚ್ಚಿದಳು.

“ಆತು, ಕರಿ ನನಗ ಬಂತು. ನಾ ಬರ್ತೀನಿ. ಒಬ್ಬಾಕಿ ಹ್ಯಾಂಗ ಬರ್ಲಿ, ಸಂಗಡ ಇಕಿ ಬರ್ತಾಳ.”

“ಮಂದಿ ಏನಂತಾರ್ರೀ ಅತ್ತಿ?”

“ಮುದುಕಿ ಕೈ ಹಿಡಿಲಾಕ ಹೋಗ್ಯಾಳ ಅಂತಾರ. ನನಗ ಕಣ್ಣು ಮಬ್ಬು.”

ಒಳಗಿನ ಕತ್ತಲಲ್ಲಿ ಕೂತು ಸೆರಗಿನ ಮರೆಯ ಭರಣಿಯನ್ನು ಕಂಡ ಕಣ್ಣುಗಳವು. ವರದಿಗಾರನ ಅಭ್ಯಾಸದಂತೆ ಗಮನಿಸಿದೆ.

ಉತ್ಸವದ ದಿನ ಹೆಂಗಸರ ಕಡೆಗೆ ಪರದೆ. ಈಚೆ ಕೂತ ನನಗೆ ದನಿ ಮಾತ್ರ ಕೇಳುತ್ತಿತ್ತು. ಅಕ್ಕ ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನು ಬಾಯಿಪಾಠವಾಗಿ ಕೂಗುವಳು. ಮಕ್ಕಳೊಂದಿಗರಾದ ಹೆಂಗಸರು ಹಿಂದಿನಂತೆಯೇ “ಹಾಜರ್” ಎಂದು ನಗುವರು. “ನೀಲಮ್ಮ” ಎಂದಾಗ ಸದ್ದಿಲ್ಲ. ಅಕ್ಕ ಮತ್ತೆ ಕೂಗಿದಳು. ಸಿದ್ದಮ್ಮನ ದನಿ ಬಂತು: “ಅದಾಳ್ರೀ, ಹಾಜರ್. ದನಿ ಹೊರಗ ಬರವಲ್ದು, ಅಷ್ಟ.” ಹೆಂಗಸರು ನಕ್ಕರು. ನಗು ಇಳಿದ ಮೇಲೆ ಇನ್ನೊಂದು ದನಿ, ತೀರ ಮೆಲ್ಲಗೆ, “ಹಾಜರ್” ಎಂದಿತು.

ಮನೆಗೆ ಬರುವಾಗ ಅಕ್ಕ ಹೇಳಿದಳು: “ಇನ್ನ ಭರಣಿ ಒಯ್ಯಂಗಿಲ್ಲ, ತಮ್ಮಾ.”

“ಮಂದಿ ಬರಂಗಿಲ್ಲ, ಅಕ್ಕ.”

“ಗೊತ್ತದ.”

ಗೊತ್ತಿದ್ದದ್ದೇ ಆಯಿತು. ಮುಂದಿನ ವರ್ಷ ಬರಿಗೈಯಲ್ಲಿ ಮನೆಮನೆ ಅಲೆದೆವು. “ಕುಂಕುಮ ಇಲ್ಲದ ಕರಿ ಎಂಥಾದ್ರೀ?” ಎಂದು ನಕ್ಕವರು ಕೆಲವರು, ನೋಡೋಣ ಎಂದು ಬಾಗಿಲು ಮುಂದೆ ಮಾಡಿದವರು ಹಲವರು. ಕಾಲು ಸೋತ ನಾನು ಅಕ್ಕನ ಮೇಲೆ ರೇಗಿದ್ದೂ ಉಂಟು. ಅಷ್ಟೊಂದು ಬಾಗಿಲು ತೆರೆದ ಕೀಲಿಕೈಯನ್ನು ಒಂದು ಬಾಗಿಲಿಗಾಗಿ ಎಸೆಯಬಹುದೇ? ಓದುಗರೇ, ಇಂದಿಗೂ ನನ್ನಲ್ಲಿ ತೀರ್ಪಿಲ್ಲ. ಭರಣಿ ಕರೆಯುತ್ತಿದ್ದದ್ದು ಹುಡುಗಿಯನ್ನಲ್ಲ, ಅವಳ ಹಣೆಯ ಭಾಗ್ಯವನ್ನು ಎಂಬುದು ಮಾತ್ರ ಅಲೆದು ಅಲೆದು ಅರ್ಥವಾಯಿತು. ಅಕ್ಕನಿಗೆ ಅದು ಕಮಲಾಪುರದ ಬಾಗಿಲಲ್ಲೇ ಅರ್ಥವಾಗಿತ್ತು.

ಆ ವರ್ಷ ಜಮಖಾನೆಯ ಬಹುಭಾಗ ಬರಿದು. ಪರದೆಯ ಈಚೆ ಸೀಸದ ಕಡ್ಡಿ ಹಿಡಿದು ‘ಕೆಲವರು’ ಎಂದು ಬರೆದು ಕೂತಿದ್ದೆ. ಕಮಲಾಪುರದ ಬಂಡಿ ಮಾತ್ರ ಬೆಳಿಗ್ಗೆಯೇ ಬಂದಿತ್ತು. ಅಕ್ಕ ಹೆಸರು ಕೂಗತೊಡಗಿದಳು. ಒಂದು ಹೆಸರು, ಸದ್ದಿಲ್ಲ. ಇನ್ನೊಂದು, ಸದ್ದಿಲ್ಲ. ಅವಳ ದನಿ ಸೋಲುತ್ತ ಬಂತು. ಮತ್ತೊಂದು ಹೆಸರಿಗೆ “ಹಾಜರ್” ಎಂದಳು ಸಿದ್ದಮ್ಮ.

“ಆಕಿ ಬಂದಿಲ್ಲರೀ, ಅವ್ವಾರ.”

“ಬರ್ತಾಳ ತಗೋರಿ. ಅಲ್ಲೀತನ ಆಕಿದೂ ನಾನ ಅಂತೀನಿ. ಮುಂದಿನ ಹೆಸರು ಕರೀರಿ.”

ಅಕ್ಕ ಮುಂದಿನ ಹೆಸರು ಕೂಗಿದಳು. ಅದು ಗಾಜಿಪುರದ ಯಾರೋ ಹುಡುಗಿಯ ಹೆಸರು. “ಹಾಜರ್” ಎಂದ ದನಿ, ಪರದೆಯ ಈಚೆಗೂ ಸ್ಪಷ್ಟವಾಗಿ ಕೇಳಿಸಿದ ದನಿ, ನೀಲಮ್ಮನದು.