ಹೂಂ ಅಂದರೆ ಯೆಸ್ ಅಲ್ಲ

ಚಂದ್ರಾ ಲೇಔಟಿನಲ್ಲಿ ದರ್ಶಿನಿ ಹೋಟೆಲೊಂದರ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊದಲು ಕಿವಿ ಪಳಗಲಿ ಎಂದು ಸಣ್ಣ ಸಣ್ಣ ಮಾತುಕತೆಗಳನ್ನು ನನ್ನದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕುತ್ತೇನೆ. ಕೆಳಗಿನ ಪಾತ್ರೆಗಳ ಸದ್ದಿನ ನಡುವೆ ಕೇಳಿಸಿಕೊಂಡವರಿಗೆ ಎಲ್ಲಿ ಹೋದರೂ ಕೇಳಿಸುತ್ತದೆ ಎಂಬುದು ನನ್ನ ಸಮಾಧಾನ.

ಬ್ಲೌಸ್ ಹೊಲಿಯುವ ಹೆಂಗಸೊಬ್ಬರು ಬರುತ್ತಿದ್ದರು. ಅವರ ಗಂಡನಿಗೆ ಹರ್ನಿಯಾ ಆಪರೇಷನ್ ನಿಗದಿಯಾಗಿತ್ತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆ ಕೊಟ್ಟಾಗ ಜೀವಕ್ಕೇ ಅಪಾಯ ಎಂದು ನರ್ಸ್ ಹೆದರಿಸಿದ್ದರಂತೆ. ಅರಿವಳಿಕೆಯ ಡಾಕ್ಟರಿಗೆ ಕನ್ನಡ ಬಾರದು.

"ಅವ್ರು ಏನೋ ಕೇಳಿ ನಾನು ಇನ್ನೇನೋ ಹೇಳ್ಬಿಟ್ರೆ ಸಾರ್?" ಎಂದರು ಆಕೆ.

ಅವರಿಗಾಗಿ ಆಸ್ಪತ್ರೆಯ ಪ್ರಶ್ನೆಗಳನ್ನು ರೆಕಾರ್ಡ್ ಮಾಡಿದೆ. ‘ಹಿ ಡಿಡಂಟ್ ಈಟ್ ಎನಿಥಿಂಗ್?’ ಎಂದು ಸ್ಪೀಕರ್ ಕೇಳಿದ್ದೇ ತಡ, ಇಡೀ ಕ್ಲಾಸು ‘ಯೆಸ್ ಸಾರ್’ ಎಂದಿತು. ಕನ್ನಡದ ಕಿವಿಗೆ ಅದು ಸರಿಯೇ. ಏನೂ ತಿಂದಿಲ್ವಾ ಎಂದರೆ ನಮ್ಮಲ್ಲಿ ‘ಹೂಂ’ ಅಂದರೂ ತಿಂದಿಲ್ಲ, ‘ಇಲ್ಲ’ ಅಂದರೂ ತಿಂದಿಲ್ಲ. ಇಂಗ್ಲಿಷಿನಲ್ಲಿ ಯೆಸ್ ಅಂದರೆ ತಿಂದಿದ್ದಾರೆ ಎಂದಾಗಿಬಿಡಬಹುದು ಎಂದೆ.

"ಹಂಗಾದ್ರೆ ಇಷ್ಟು ವರ್ಷ ನಮ್ ಮ್ಯಾನೇಜರ್ ಹತ್ರ ಏನೇನ್ ಒಪ್ಕೊಂಡಿದೀನೋ ಗುರು," ಎಂದು ಬ್ಯಾಂಕಿನ ಅಟೆಂಡರ್ ಒಬ್ಬರು ಪಕ್ಕದವನಿಗೆ ಹೇಳಿದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಆ ಸಾಲನ್ನು ಮತ್ತೆ ಮತ್ತೆ ಹಾಕಿ, ‘ನೋ ಸಾರ್’ ತಾನಾಗಿ ನಾಲಿಗೆಗೆ ಬರುವವರೆಗೆ ಹೇಳಿಸಿದೆ.

ಆಪರೇಷನ್ನಿನ ದಿನ ಬೆಳಿಗ್ಗೆ ನನಗೇ ಹೆದರಿಕೆ ಹತ್ತಿಕೊಂಡಿತು. ಕೊನೆಯ ಕ್ಲಾಸಿನಲ್ಲಿ ಆಕೆ ನೋ ಅಂದಿದ್ದರೋ ಯೆಸ್ ಅಂದಿದ್ದರೋ? ನೆನಪಿನಲ್ಲಿ ಎರಡೂ ಅವರ ದನಿಯಲ್ಲೇ ಕೇಳಿಸುತ್ತಿದ್ದವು. ಕಣ್ಣಾರೆ ಕಂಡದ್ದನ್ನೂ ಪ್ರಶ್ನಿಸು ಎಂದು ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಕಿವಿಯಾರೆ ಕೇಳಿದ್ದನ್ನು ನಂಬುವುದು ಹೇಗೆ?

ಮಧ್ಯಾಹ್ನ ಆಕೆಯ ಫೋನ್ ಬಂತು. ಗಂಡ ಮನೆಯಲ್ಲಿ ಕದ್ದು ಕಾಫಿ ಕುಡಿದುಬಂದದ್ದನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಪಿಸುಗುಟ್ಟಿದರಂತೆ. ಅಷ್ಟರಲ್ಲಿ ಡಾಕ್ಟರು ಬಂದು ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳಿದರಂತೆ.

"ಯೆಸ್ಸೋ ನೋನೋ ತಲೇಗೇ ಹತ್ಲಿಲ್ಲ ಸಾರ್. ಅವ್ರ ಕಡೆ ಕೈ ತೋರ್ಸಿ ‘ಕಾಫಿ, ಕಾಫಿ’ ಅಂದೆ. ಗೊತ್ತಾಗ್ದಿದ್ರೆ ಇರೋದನ್ನ ಹೇಳ್ಬಿಡಿ ಅಂತ ನೀವೇ ಹೇಳಿದ್ರಲ್ಲ."

ಆಪರೇಷನ್ ಮುಂದಕ್ಕೆ ಹೋಯಿತು, ಆಮೇಲೆ ಸುಸೂತ್ರವಾಗಿ ಆಯಿತು. ನಾನು ಹಾಗೆ ಹೇಳಿದ್ದೆನೇ ಎಂಬುದು ಇಂದಿಗೂ ನೆನಪಿಗೆ ಬಂದಿಲ್ಲ. ರೆಕಾರ್ಡಿಂಗಿನಲ್ಲಂತೂ ಆ ಮಾತಿಲ್ಲ. ಹಳೆಯ ಅಭ್ಯಾಸದಂತೆ ಆಕೆ ಯೆಸ್ ಅಂದುಬಿಟ್ಟಿದ್ದರೂ ಅವತ್ತು ಅದು ನಿಜವೇ ಆಗಿರುತ್ತಿತ್ತು. ಸುಳ್ಳಾಗುತ್ತಿದ್ದದ್ದು ನಾನು ಬಾಯಿಪಾಠ ಮಾಡಿಸಿದ ನೋ.