ಖಾಸ್ ಊರು, ಹಾಲಿ ವಸ್ತಿ

ಕೊಪ್ಪಳ ಜಿಲ್ಲೆಯಾದ 1997ರಲ್ಲಿ ನಾನು ಹೊಸ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ಓದಿದ್ದು ಏಳನೇ ತರಗತಿ. ಟೈಪಿಂಗ್ ಕಲಿತದ್ದು ಒಂದು ಟೈಪಿಂಗ್ ಶಾಲೆಯ ನೆಲ ಗುಡಿಸಿ, ಯಂತ್ರಗಳಿಗೆ ಎಣ್ಣೆ ಹಾಕಿ, ಎಲ್ಲರೂ ಹೋದ ಮೇಲೆ ಖಾಲಿ ಕೋಣೆಯಲ್ಲಿ ಕೂತು. ಇದನ್ನು ಸಂಕೋಚದಿಂದ ಹೇಳುತ್ತಿಲ್ಲ. ಕಚೇರಿಗೆ ಬರುವ ಕಾಗದಗಳಲ್ಲಿ ಯಾವುದು ನನ್ನ ಕೈಯದು ಅಂತ ಒಳಗಿನ ಗುಮಾಸ್ತರು ನೋಡಿದ ಕೂಡಲೇ ಹೇಳುತ್ತಿದ್ದರು. ಅಷ್ಟು ಚೊಕ್ಕ ಇರುತ್ತಿತ್ತು.

ಅರ್ಜಿ ಬರೆಯುವ ಕಸುಬಿನಲ್ಲಿ ನಾನು ಮೊದಲು ಕಲಿತ ಎರಡು ಗುರುತುಗಳು 'ಸಾ||' ಮತ್ತು 'ಹಾ||ವ||'. ಸಾ ಅಂದರೆ ಸಾಕೀನ, ಮನುಷ್ಯನ ಖಾಸ್ ಊರು. ಹಾವ ಅಂದರೆ ಹಾಲಿ ವಸ್ತಿ, ಸದ್ಯ ಇರುವ ಜಾಗ. ಹೆಸರು, ಅಪ್ಪನ ಹೆಸರು, ವಯಸ್ಸು, ಉದ್ಯೋಗ ಆದ ಮೇಲೆ 'ಸಾ|| ಕನಕಗಿರಿ, ಹಾ||ವ|| ಕೊಪ್ಪಳ' ಅಂತ ಹೊಡೆಯಬೇಕು. ನಮ್ಮ ಕಡೆ ಹೊಟ್ಟೆಪಾಡಿಗೆ ಊರು ಬಿಟ್ಟವರೇ ಹೆಚ್ಚು. ಆದ್ದರಿಂದ ಬಂದವರನ್ನು ನಾನು ಬರೀ "ಯಾವೂರು?" ಅಂತ ಕೇಳುತ್ತಿರಲಿಲ್ಲ. "ಖಾಸ್ ಊರ ಯಾವುದ್ರಿ, ಈಗ ಇರೋದ ಎಲ್ಲಿ?" ಅಂತ ಕೇಳುತ್ತಿದ್ದೆ.

ಯಾರಾದರೂ ನನ್ನನ್ನು ಹಾಗೆ ಕೇಳಿದ್ದರೆ ಉತ್ತರ ಹೀಗಿರುತ್ತಿತ್ತು. ಖಾಸ್ ಊರು ಯಲಬುರ್ಗಾ ತಾಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿ ಅಣ್ಣನ ಸಂಸಾರವಿದೆ. ಹೋದರೆ ಉಂಡು ಹೋಗು ಅನ್ನುತ್ತಾರೆ, ಇದ್ದು ಹೋಗು ಅನ್ನುವುದಿಲ್ಲ. ಹಾಲಿ ವಸ್ತಿ ಭಾಗ್ಯನಗರದ ನನ್ನ ಅಂಗಡಿ. ಟೈಪ್‌ರೈಟರ್ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಬಾಡಿಗೆಗೆ ಹಿಡಿದದ್ದು. ಮುಂದಿನ ಅರ್ಧದಲ್ಲಿ ಕಂಪ್ಯೂಟರ್, ಜೆರಾಕ್ಸ್ ಯಂತ್ರ. ನಡುವೆ ಒಂದು ಬಟ್ಟೆಯ ಪರದೆ. ಹಿಂದಿನ ಅರ್ಧದಲ್ಲಿ ಮಂಚ, ಸ್ಟೋವು, ಒಂದು ತಟ್ಟೆ. ಮಧ್ಯಾಹ್ನದ ಊಟ ಖಾನಾವಳಿಯಲ್ಲಿ. ಅಲ್ಲಿಯ ಅಕ್ಕ ನನ್ನನ್ನು ಏನು ಬೇಕು ಅಂತ ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೂತರೆ ರೊಟ್ಟಿ ಬರುತ್ತಿತ್ತು. ಎಷ್ಟೋ ದಿನ ಅಂಗಡಿಯ ಮಾತು ಬಿಟ್ಟರೆ ನನ್ನ ಬಾಯಿಂದ ಬೇರೆ ಮಾತೇ ಹೊರಡುತ್ತಿರಲಿಲ್ಲ.

ಮದುವೆಯ ಪ್ರಯತ್ನ ಆಗಿರಲಿಲ್ಲ ಅಂತಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಕುಷ್ಟಗಿ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ಸೋದರಮಾವ ನನ್ನ ಓದು ಕೇಳಿದ. ಹೇಳಿದೆ. ಆತ ಪಕ್ಕದವರ ಕಡೆ ತಿರುಗಿ, "ಏಳನೆತ್ತ ಓದಿದವ ಕಂಪ್ಯೂಟರ್ ನಡೆಸ್ತಾನೋ, ಒರೆಸ್ತಾನೋ?" ಅಂದ. ಎಲ್ಲರೂ ನಕ್ಕರು. ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟು ಎದ್ದು ಬಂದೆ. ಮತ್ತೆ ಯಾರ ಮನೆಗೂ ಹೋಗಲಿಲ್ಲ.

ಆದರೆ ಕಂಪ್ಯೂಟರ್ ನಡೆಸುವುದನ್ನು ಬಿಡಲಿಲ್ಲ. ಬೇರೆಯವರ ವೆಬ್ ಪುಟಗಳ ಒಳಗಿನ ಬರಹ ತೆರೆದು ನೋಡಿ, ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಿ, ಯಾವ ಸಾಲು ತೆಗೆದರೆ ಏನು ಮುರಿಯುತ್ತದೆ ಅಂತ ಮುರಿದು ನೋಡಿ ಕಲಿತೆ. ಫಾರ್ಮು ಮಾಡುವುದು ನನಗೆ ಹಿಡಿಸಿತು. ಅದು ಅರ್ಜಿಯ ಕೆಲಸವೇ ಆಗಿತ್ತು. ಕೇಳುವ ಪ್ರಶ್ನೆ ಸರಿಯಿರಬೇಕು. ಬರುವ ಉತ್ತರ ತಪ್ಪಿದ್ದರೆ ಅಲ್ಲೇ ತಡೆದು ಕೆಂಪು ಅಕ್ಷರದಲ್ಲಿ ಹೇಳಬೇಕು.

ಸ್ಮಾರ್ಟ್ ಫೋನು ಎಲ್ಲರ ಕೈಗೆ ಬಂದ ಮೇಲೆ ಒಬ್ಬ ಹಿರಿಯರು ನನ್ನಲ್ಲಿಗೆ ಬಂದರು. ಮುನಿರಾಬಾದಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಮದುವೆಯ ವಯಸ್ಸು ದಾಟಿದವರಿಗೆ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಜೋಡಿ ಹುಡುಕಿಕೊಡುವ ಕೇಂದ್ರ ನಡೆಸುತ್ತಿದ್ದರು. ಜಾತಿ ಕೇಳುವುದಿಲ್ಲ ಅಂತ ಬಾಗಿಲಿಗೆ ಬರೆಸಿದ್ದರು. ಅವರಿಗೆ ಒಂದು ವೆಬ್‌ಸೈಟ್ ಬೇಕಿತ್ತು. ಮಾಡಿಕೊಟ್ಟೆ. ಹೆಸರು ಹಾಕಿದವರೆಲ್ಲ ಒಬ್ಬರ ವಿವರ ಇನ್ನೊಬ್ಬರು ನೋಡಬಹುದಿತ್ತು.

ತೊಂದರೆ ಕೊಟ್ಟದ್ದು ಊರಿನ ಖಾನೆ. ಮೊದಲು ಅದನ್ನು ಖಾಲಿ ಬಿಟ್ಟು, ಏನು ಬೇಕಾದರೂ ಬರೆಯಲು ಬಿಟ್ಟಿದ್ದೆ. ಒಬ್ಬರು ಯಲಬುರ್ಗಾ ಅಂದರೆ ಇನ್ನೊಬ್ಬರು ಎಲಬುರ್ಗಿ ಅಂದರು. ಒಬ್ಬ 'ಹನುಮಪ್ಪನ ಗುಡಿ ಹಿಂದ' ಅಂತ ಬರೆದ. ಇನ್ನೊಬ್ಬ 'ಸದ್ಯ ಬೀಗರ ಮನಿ' ಅಂತ ಬರೆದ. ಕೆಲವರು ಊರಿನ ಜಾಗದಲ್ಲಿ ಫೋನ್ ನಂಬರನ್ನೇ ಹಾಕಿದರು. ಜಾತಿ ಕೇಳದ ಫಾರ್ಮಿನಲ್ಲಿ ಜನ ಊರನ್ನೇ ಮೊದಲು ನೋಡುತ್ತಿದ್ದರು. ಊರು ಗೊತ್ತಾದರೆ ಅಲ್ಲಿ ಹೋಗಿ ವಿಚಾರಿಸಬಹುದಲ್ಲ. ಆದ್ದರಿಂದ ನಾನೂ ಹಿರಿಯರೂ ಕೂತು ಯೋಚಿಸಿ ಆ ಖಾನೆ ಮುಚ್ಚಿದೆವು. ಅದರ ಬದಲು ಜಿಲ್ಲೆ, ತಾಲೂಕು, ಹಳ್ಳಿ ಅಂತ ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿ ಇಟ್ಟೆ. ಪಟ್ಟಿಯಲ್ಲಿದ್ದುದನ್ನೇ ಆರಿಸಬೇಕು. ಕಡೆಯಲ್ಲಿ 'ಇತರೆ' ಅಂತ ಒಂದಿತ್ತು. ನಾಲ್ಕೂ ತಾಲೂಕಿನ ಹಳ್ಳಿಗಳನ್ನು ನಾನೇ ಕೂತು ತುಂಬಿದ್ದೆ. ಆ ಪಟ್ಟಿಯ ಮೇಲೆ ನನಗೆ ಭಾರೀ ಹೆಮ್ಮೆ ಇತ್ತು.

ಒಂದು ಸೋಮವಾರ ಹಿರಿಯರು ಅಂಗಡಿಯಲ್ಲಿ ಕೂತಿದ್ದಾಗ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದಳು. ಗಂಗಾವತಿಯ ಬೀಜದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳೆಲ್ಲ ಹೊಸ್ತಿಲಲ್ಲೇ "ಅಣ್ಣಾರ" ಅನ್ನುತ್ತಾರೆ. ಆಕೆ ಅನ್ನಲಿಲ್ಲ.

"ನೋಡ್ರಿ, ನಿಮ್ಮ ಫಾರ್ಮಿನ್ಯಾಗ ನಮ್ಮೂರ ಇಲ್ಲ," ಅಂದಳು.

"ಎಲ್ಲಾ ಊರೂ ಅದಾವ್ರಿ. ಹುಡುಕ್ರಿ," ಅಂದೆ.

"ಹುಡುಕಿ ಹುಡುಕಿ ಗಂಗಾವತಿ ತಾಲೂಕಿನ ಊರೆಲ್ಲಾ ಬಾಯಿಪಾಠ ಆಗ್ಯಾವ. ನಮ್ದು ಕ್ಯಾಂಪ್ ರೀ."

ನನಗೆ ಆಗ ಹೊಳೆಯಿತು. ಅಣೆಕಟ್ಟಿನ ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದ ರೈತರು ಗದ್ದೆಗಳ ನಡುವೆ ಕಟ್ಟಿಕೊಂಡ ಊರುಗಳಿಗೆ ನಮ್ಮಲ್ಲಿ ಕ್ಯಾಂಪ್ ಅನ್ನುತ್ತಾರೆ. ನಾನು ನೋಡಿ ತುಂಬಿದ ಹಳ್ಳಿಗಳ ಯಾದಿಯಲ್ಲಿ ಆಕೆಯ ಕ್ಯಾಂಪು ಇರಲಿಲ್ಲ.

ಹಿರಿಯರು ಅಂದರು, "ಅದಕ್ಯಾಕ ಇಷ್ಟ ತ್ರಾಸ ತಗೋತಿಯವ್ವಾ? ಪಕ್ಕದ ಊರ ಒತ್ತಿಬಿಡು."

"ಪಕ್ಕದ ಊರಾಗ ನನ್ನ ಗುರ್ತ ಯಾರ ಹಿಡೀತಾರ್ರಿ ಅಜ್ಜಾರ? ಯಾರರ ಅಲ್ಲಿ ಹೋಗಿ ವಿಚಾರ ಮಾಡಿದ್ರ, ಅಂಥಾಕಿ ಇಲ್ಲಿಲ್ಲ ಅಂತಾರ. ಸುಳ್ಳು ಹೇಳ್ಯಾಳ ಅಂತ ಅಲ್ಲಿಗೇ ಮುಗೀತು."

"ಹಂಗಾರ ನಿಮ್ಮಪ್ಪ ಎಲ್ಲಿಂದ ಬಂದಾನೋ ಆ ಊರ ಹಾಕೋಣು. ಖಾಸ್ ಊರಂದ್ರ ಅದ ಅಲ್ಲೇನು?"

"ಅದು ಅಪ್ಪಂದು. ನಾ ಅದನ್ನ ನೋಡೇ ಇಲ್ಲ. ಹುಟ್ಟಿದ್ದು ಕ್ಯಾಂಪಿನ್ಯಾಗ, ಬೆಳದದ್ದು ಕ್ಯಾಂಪಿನ್ಯಾಗ."

"ಕಡೀಗೆ ಇತರೆ ಅಂತ ಒಂದು ಐತಲ್ಲ."

ಆಕೆ ನನ್ನ ಕಡೆ ತಿರುಗಿ ಕೇಳಿದಳು. "ಇತರೆ ಅಂದ್ರ ಯಾವೂರ್ರಿ?"

ಕುಷ್ಟಗಿಯಲ್ಲಿ ಅವಲಕ್ಕಿ ತಟ್ಟೆ ಇಟ್ಟು ಎದ್ದು ಬಂದವನಿಗೆ ಈ ಮಾತಿನ ಬಿಸಿ ಗೊತ್ತಾಗದೆ ಇರುತ್ತದೆಯೆ? "ಮುಂದಿನ ಸೋಮವಾರ ಬರ್ರಿ," ಅಂದೆ, "ಮಾಡಿ ಇಟ್ಟಿರ್ತೀನಿ."

ಆಕೆ ಹೋದ ಮೇಲೆ ಹಿರಿಯರು ಚಹಾದ ಲೋಟ ಹಿಡಿದುಕೊಂಡು, "ತಮ್ಮಾ, ಮತ್ತ ಬರ್ಯಾಕ ಬಿಟ್ರ ಬೀಗರ ಮನಿ, ಗುಡಿ ಹಿಂದ ಎಲ್ಲಾ ವಾಪಸ್ ಬರ್ತಾವ ನೋಡು," ಅಂದರು. ಅವರ ಮಾತೂ ಸುಳ್ಳಲ್ಲ. ಚಹಾ ಮುಗಿಸಿ ಅವರೇ ಮುಂದುವರಿಸಿದರು. "ನೀ ಮರದ ಕೆಳಗ ಕುಂತಾಗ ಎರಡು ಬರೀತಿದ್ಯಲ್ಲ, ಸಾ, ಹಾವ. ಇಲ್ಲಿ ಒಂದ ಯಾಕ ಮಾಡೀದಿ?"

ಬೇರೆಯವರ ಪುಟ ನೋಡಿ ಕಲಿತದ್ದಲ್ಲವೆ, ಅವರಲ್ಲಿ ಒಂದಿತ್ತು, ನಾನೂ ಒಂದೇ ಇಟ್ಟಿದ್ದೆ. ಆ ವಾರ ಖಾನೆ ಎರಡಾಯಿತು. ಮೊದಲನೆಯದು ಖಾಸ್ ಊರು. ಪಟ್ಟಿಯಲ್ಲಿ ಸಿಗದವರಿಗೆ ಮಾತ್ರ ಬರೆಯುವ ಜಾಗ ತೆರೆಯುತ್ತದೆ. ಎರಡನೆಯದು ಹಾಲಿ ವಸ್ತಿ, ಅದನ್ನು ಯಾರು ಬೇಕಾದರೂ ನೇರ ಬರೆಯಬಹುದು. ಬರೆಯುವ ಜಾಗಕ್ಕೆ ಅಕ್ಷರ ಮಾತ್ರ ಸಾಕು ಅಂತ ಕಾವಲು ಹಾಕಿದೆ, ಫೋನ್ ನಂಬರು ಹಾಕುವವರ ಕಾಟಕ್ಕೆ.

ಸೋಮವಾರ ಆಕೆ ಬಂದಳು. ಕಂಪ್ಯೂಟರಿನ ಪರದೆಯ ಮೇಲೆ ಹಾಲಿ ವಸ್ತಿ ಅಂತ ಓದಿ ನಕ್ಕಳು. "ಪೊಲೀಸ್ ಠಾಣೆ ಕಾಗದ ಇದ್ದಂಗ ಐತಲ್ರಿ." ನಾನೂ ನಕ್ಕೆ. ನನ್ನ ಅಂಗಡಿಯಲ್ಲಿ ನಾನು ನಕ್ಕ ಸದ್ದು ನನಗೇ ಹೊಸದೆನಿಸಿತು. ಆಕೆ ಕ್ಯಾಂಪಿನ ಹೆಸರು ಹೊಡೆದಳು. ಕಾಲುವೆಯ ನಂಬರೇ ಆ ಕ್ಯಾಂಪಿನ ಹೆಸರು. ಒತ್ತಿದ ಕೂಡಲೇ ಕೆಂಪು ಅಕ್ಷರ ಬಂತು: 'ಊರಿನ ಹೆಸರಿನಲ್ಲಿ ಅಂಕಿ ಇರಬಾರದು.'

"ನಿಮ್ಮ ಕಂಪ್ಯೂಟರಿಗೆ ನಾವು ಬ್ಯಾಡಾಗೇವಿ ನೋಡ್ರಿ," ಅಂದಳು.

"ಕಂಪ್ಯೂಟರಿಗಲ್ರಿ, ಅದನ್ನ ಬರದವಗ ತಿಳಿದಿಲ್ಲ. ಕುಂಡ್ರಿ, ಈಗ ತೆಗೀತೀನಿ."

ಆಕೆ ಸ್ಟೂಲಿನ ಮೇಲೆ ಕೂತಳು. ನಾನು ಕಾವಲು ಸಡಿಲ ಮಾಡಿದೆ. ಅಂಕಿ ಬರಬಹುದು, ಆದರೆ ಫೋನ್ ನಂಬರಿನಷ್ಟು ಉದ್ದ ಸಾಲಾಗಿ ಬಂದರೆ ಮಾತ್ರ ತಡೆಯಬೇಕು. ಬಹಳ ಹೊತ್ತಿನ ಕೆಲಸವಲ್ಲ. ಆದರೂ ನಾನು ನಿಧಾನಕ್ಕೆ ಮಾಡಿದೆ.

"ಇದನ್ನ ಎಲ್ಲಿ ಓದಿದ್ರಿ?" ಅಂತ ಕೇಳಿದಳು.

"ಎಲ್ಲೂ ಇಲ್ಲ. ಏಳನೆತ್ತಕ್ಕ ಸಾಲಿ ಬಿಟ್ಟೆ."

"ಹೌದಾ," ಅಂದಳು. ಅಷ್ಟೇ. ಅಯ್ಯೋ ಅನ್ನಲಿಲ್ಲ, ಭಲೇ ಅನ್ನಲಿಲ್ಲ. ಆ ಒಂದು ಮಾತನ್ನು ನಾನು ಬಹಳ ದಿನ ಜೊತೆಗಿಟ್ಟುಕೊಂಡು ತಿರುಗಿದೆ.

ಹೆಸರು ಸೇರಿತು. ಖಾಸ್ ಊರಿನ ಮುಂದೆ ಕ್ಯಾಂಪು, ಹಾಲಿ ವಸ್ತಿಯ ಮುಂದೆ ಗಂಗಾವತಿ. ಆಕೆ ಅದನ್ನು ಎರಡು ಸಲ ಓದಿ, ಛಲೋ ಆತು ಅಂತ ಹೇಳಿ ಬಸ್ಸಿಗೆ ಹೋದಳು.

ಫಾರ್ಮಿನಲ್ಲಿ ಏನಾದರೂ ಬದಲಿಸಿದರೆ ಒಮ್ಮೆ ತುಂಬಿ ಕಳಿಸಿ ಪರೀಕ್ಷೆ ಮಾಡಬೇಕು. ಬೇರೆಯವರು ಎಬಿಸಿಡಿ ಅಂತ ಏನೋ ಹೊಡೆಯುತ್ತಾರೆ. ನಾನು ಹಾಗೆ ಮಾಡುವವನಲ್ಲ. ಪೂರ್ತಿ ಖರೇ ವಿವರ ಹಾಕಿ ನೋಡುತ್ತೇನೆ, ಅದೂ ನನ್ನದೇ. ಆಮೇಲೆ ಅಳಿಸುತ್ತೇನೆ. ಆ ದಿನವೂ ತುಂಬಿದೆ. ಓದು, ಏಳನೇ ತರಗತಿ. ಖಾಸ್ ಊರು, ಯಲಬುರ್ಗಾ ತಾಲೂಕಿನ ನನ್ನ ಹಳ್ಳಿ. ಹಾಲಿ ವಸ್ತಿ, 'ಇದೇ ಅಂಗಡಿ, ಭಾಗ್ಯನಗರ'. ಕಳಿಸಿದೆ. ಆಕೆಯ ಹೆಸರಿನ ಕೆಳಗೆ ನನ್ನ ಹೆಸರು ಬಂದು ಕೂತಿತು.

ಅಳಿಸಲಿಲ್ಲ. ನಾಳೆ ಅಳಿಸಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಅದನ್ನು ತೆರೆದು ನೋಡುವುದು ರೂಢಿಯಾಯಿತು. ಆಕೆ ನೋಡಬಹುದು. ನೋಡಿ ಒಂದು ಫೋನು ಮಾಡಬಹುದು. ನಾನಾಗಿ ಮಾಡುವ ಮಾತು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಇನ್ನೊಮ್ಮೆ ಯಾರ ಮುಂದೆಯೋ ಕೂತು ಓದೆಷ್ಟು ಅಂತ ಹೇಳುವುದು ನನ್ನಿಂದ ಆಗದು. ಹೇಳುವುದಾದರೆ ಫಾರ್ಮು ಹೇಳಲಿ.

ಮೊದಲು ನೋಡಿದವರು ಹಿರಿಯರು. ಒಂದು ಸಂಜೆ ಫೋನು ಕೈಯಲ್ಲಿ ಹಿಡಿದುಕೊಂಡೇ ಬಂದರು.

"ಏನೋ ತಮ್ಮಾ, ನಿನ್ನ ಹೆಸರೂ ಐತಿ ಇದರಾಗ?"

"ಟೆಸ್ಟಿಂಗ್ ರೀ ಅಜ್ಜಾರ."

"ಟೆಸ್ಟಿಂಗೇ ಏನು? ಖರೇ ಹಾಕಿದ್ರ ಹೇಳು. ನಾಚೋದೇನೈತಿ? ನಾ ಮಾತಾಡ್ತೀನಿ."

ಜೆರಾಕ್ಸ್ ಮಾಡಿಸಲು ಇಬ್ಬರು ನಿಂತಿದ್ದರು. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಅನಿಸಿತು. "ಇಲ್ರಿ, ಟೆಸ್ಟಿಂಗ್," ಅಂದೆ.

"ಹಂಗಾರ ತೆಗಿ. ಯಾರರ ನೋಡಿ ಖರೇ ಅಂತ ತಿಳದಾರು."

ಅವರು ನಿಂತಿರುವಾಗಲೇ ತೆಗೆದೆ. 'ಖಂಡಿತ ಅಳಿಸಬೇಕೆ?' ಅಂತ ಪರದೆ ಕೇಳಿತು. ಕೈತಪ್ಪಿ ಯಾರ ಹೆಸರೂ ಹೋಗಬಾರದು ಅಂತ ಆ ಪ್ರಶ್ನೆ ಬರೆದಿಟ್ಟವನೂ ನಾನೇ. ಹೌದು ಅಂತ ಒತ್ತಿದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಆಕೆ ಮತ್ತೆ ಬಂದಳು. ಕೈಯಲ್ಲಿ ಮಿಠಾಯಿಯ ಪೊಟ್ಟಣವಿತ್ತು. ಅದನ್ನು ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟು, "ನನ್ನ ಹೆಸರ ತೆಗೀರಿ ಇನ್ನ," ಅಂದಳು.

"ಎಲ್ಲಿ ಕೂಡಿ ಬಂತ್ರಿ?"

"ಕುಷ್ಟಗಿ ಕಡೆ. ಕ್ಯಾಂಪಿನ ಹೆಸರ ನೋಡಿ ಸೀದಾ ಮನಿಗೇ ಬಂದು ವಿಚಾರ ಮಾಡಿದ್ರು. ಸುತ್ತಮುತ್ತ ಎಲ್ಲಾರೂ ಛಲೋ ಹೇಳಿದ್ರು. ನೀವು ಊರ ಹಾಕಿಕೊಟ್ಟಿದ್ದಕ್ಕ ಆತು."

ಕುಷ್ಟಗಿ ಅಂದದ್ದಕ್ಕೆ ಒಳಗೊಳಗೇ ನಗು ಬಂತು. ಹೊರಗೆ ಬರಲಿಲ್ಲ. ಆಕೆಯ ಹೆಸರು ಹುಡುಕುತ್ತಿದ್ದೆ.

"ನಿಮ್ಮ ಹೆಸರೂ ಇತ್ತಲ್ರಿ," ಅಂದಳು. "ನಂದರ ಕೆಳಗ. ಆಮ್ಯಾಲ ಕಾಣಲಿಲ್ಲ."

"ಟೆಸ್ಟಿಂಗ್ ಸಲುವಾಗಿ ಹಾಕಿದ್ದೆ," ಅಂದೆ.

"ಹೌದೇನ್ರಿ." ಆಕೆ ಪರದೆಯ ಕಡೆ ನೋಡಿದಳು. ಕಂಪ್ಯೂಟರಿನ ಪರದೆಯಲ್ಲ, ಅಂಗಡಿಯ ನಡುವಿನ ಬಟ್ಟೆಯ ಪರದೆ. "ಹಾಲಿ ವಸ್ತಿ ಇದೇ ಅಂಗಡಿ ಅಂತ ಬರದಿದ್ರಿ. ಅಂಗಡಿಯಾಗ ಯಾರರ ವಸ್ತಿ ಮಾಡ್ತಾರೇನು ಅಂತ ನಕ್ಕಿದ್ದೆ ಅವತ್ತ. ಫೋನ್ ಮಾಡಿ ಕೇಳೋಣು ಅನ್ಕೊಂಡಿದ್ದೆ. ಅಷ್ಟರಾಗ ಹೆಸರ ಹೋಗಿತ್ತು. ಹಂಗಾರ ಟೆಸ್ಟಿಂಗೇ ಇದ್ದೀತು ಅಂತ ಬಿಟ್ಟೆ."

ಏನಾದರೂ ಹೇಳಬೇಕಿತ್ತು. ಹೊರಗೆ ಹೊಸಪೇಟೆಯ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಆಕೆಯ ಹೆಸರು ಸಿಕ್ಕಿತು. ಒತ್ತಿದೆ, ಪರದೆ ಕೇಳಿತು, ಹೌದು ಅಂದೆ.

"ಆತ್ರಿ," ಅಂದೆ.

ಆಕೆ ಎದ್ದಳು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ತಿರುಗಿದಳು. "ಬರ್ತೀನ್ರಿ ಅಣ್ಣಾರ."

"ಹೋಗಿ ಬರ್ರಿ ಅಕ್ಕಾರ," ಅಂದೆ.

ಈಗ ಕ್ಯಾಂಪಿನವರು, ಊರಿನಿಂದ ದೂರದ ತೋಟದ ಮನೆಯವರು ಎಲ್ಲರೂ ಆ ಫಾರ್ಮಿನಲ್ಲಿ ಸಲೀಸಾಗಿ ಹೆಸರು ಹಾಕುತ್ತಾರೆ. ಒಮ್ಮೊಮ್ಮೆ 'ಬೀಗರ ಮನಿ'ಯೂ ಬರುತ್ತದೆ. ಹಿರಿಯರು ಫೋನು ಮಾಡಿ ಬೈಯುತ್ತಾರೆ, ತಿದ್ದುತ್ತೇನೆ. ತಿದ್ದಿದಾಗಲೆಲ್ಲ ಈಗಲೂ ನನ್ನ ವಿವರವನ್ನೇ ತುಂಬಿ ಪರೀಕ್ಷೆ ಮಾಡುತ್ತೇನೆ. ಎಲ್ಲಿಯೂ ಕೆಂಪು ಬರುವುದಿಲ್ಲ. ಸೇರಿದ್ದು ನೋಡಿದ ಕೂಡಲೇ ಅಳಿಸುತ್ತೇನೆ. ಹಾಲಿ ವಸ್ತಿಯ ಖಾನೆಯಲ್ಲಿ ಬರೀ ಭಾಗ್ಯನಗರ ಅಂತ ಹೊಡೆಯುತ್ತೇನೆ. ಅಂಗಡಿ ಅಂತ ಬರೆಯುವುದನ್ನು ಬಿಟ್ಟಿದ್ದೇನೆ.